1962ರ ಹಾಡಿನ ಪಹಣಿ ಯಾರ ಹೆಸರಲ್ಲಿದೆ?

ಜನವರಿ ಬಂತೆಂದರೆ ಒಂದು ಸುದ್ದಿ ತಪ್ಪದೆ ಓಡಾಡುತ್ತದೆ. ಅರವತ್ತು ವರ್ಷ ದಾಟಿದ ಹಾಡುಗಳು ಈ ವರ್ಷದಿಂದ ಕಾಪಿರೈಟ್ ಮುಕ್ತ, ಯಾರು ಬೇಕಾದರೂ ಬಳಸಬಹುದು ಎಂಬ ಸುದ್ದಿ. ಅದನ್ನು ನಂಬಿ ಯಾರೋ ಮನೆಯಲ್ಲಿದ್ದ ಹಳೇ ಗ್ರಾಮಫೋನ್ ಪ್ಲೇಟಿನ ಹಾಡನ್ನು ಯೂಟ್ಯೂಬಿಗೆ ಏರಿಸುತ್ತಾರೆ. ಸ್ವಲ್ಪ ಹೊತ್ತಿಗೇ ಕಾಪಿರೈಟ್ ಕ್ಲೇಮ್ ಬಂದು ಕೂರುತ್ತದೆ. ಹಾಗಾದರೆ ಸುದ್ದಿ ಸುಳ್ಳಾ? ಅಥವಾ ಕಂಪನಿಯವರು ಸುಮ್ನೆ ಹೆದರಿಸುತ್ತಿದ್ದಾರಾ?

ಸುದ್ದಿಯಲ್ಲಿ ಅರ್ಧ ನಿಜ ಇದೆ. ಎಷ್ಟೋ ಸಲ ಕ್ಲೇಮಿನಲ್ಲೂ ಅರ್ಧ ನಿಜ ಇರುತ್ತದೆ. ಯಾವ ಅರ್ಧ ಯಾವುದು ಅಂತ ಬಿಡಿಸಿ ನೋಡಲು ಒಂದು ವರ್ಷವನ್ನು ಹಿಡಿದುಕೊಳ್ಳೋಣ. 1962 ಇದಕ್ಕೆ ಸರಿಯಾದ ವರ್ಷ. ಯುರೋಪಿನ ಕಾನೂನು ಗೆರೆ ಎಳೆದದ್ದು ಸರಿಯಾಗಿ ಅದರ ಅಂಚಿನಲ್ಲಿ. ನಮ್ಮ ದೇಶದಲ್ಲೂ ಆ ವರ್ಷದ ರೆಕಾರ್ಡುಗಳ ಅವಧಿ ಮುಗಿದಿದೆ. ಅಮೆರಿಕದಲ್ಲಿ ಮಾತ್ರ ಇನ್ನೂ ನಾಲ್ಕು ದಶಕ ಬಾಕಿ.

ಅದು ಎಂಥ ವರ್ಷ

1962ರ ಜನವರಿ 1ರಂದು ಲಿವರ್‌ಪೂಲಿನ ನಾಲ್ವರು ಹುಡುಗರು ಲಂಡನ್ನಿನ ಡೆಕ್ಕಾ ಕಂಪನಿಗೆ ಹಾಡಿ ತೋರಿಸಿದರು. ಕಂಪನಿ ಬೇಡ ಅಂದಿತು. ಅದೇ ಬೀಟಲ್ಸ್ ತಂಡದ ಮೊದಲ ಸಿಂಗಲ್ 'ಲವ್ ಮಿ ಡು' ಅಕ್ಟೋಬರ್ 5ರಂದು ಬೇರೆ ಲೇಬಲ್ಲಿನಿಂದ ಹೊರಬಂತು. ಮಾರ್ಚಿನಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಮೊದಲ ಆಲ್ಬಂ ಬಂದಿತ್ತು. ಮೇ 30ರಂದು ಕೊವೆಂಟ್ರಿಯ ಹೊಸ ಕೆಥೆಡ್ರಲ್‌ನಲ್ಲಿ ಇಂಗ್ಲಿಷ್ ಸಂಗೀತ ಸಂಯೋಜಕ ಬೆಂಜಮಿನ್ ಬ್ರಿಟನ್ ಅವರ 'ವಾರ್ ರಿಕ್ವಿಯಂ' ಮೊದಲ ಬಾರಿ ಕೇಳಿಸಿತು. ಬರ್ಲಿನ್ನಿನಲ್ಲಿ ವಾದ್ಯವೃಂದದ ನಿರ್ದೇಶಕ ಕಾರಾಯಾನ್ ಬೀಥೋವನ್ನನ ಒಂಬತ್ತೂ ಸಿಂಫನಿಗಳನ್ನು ಮುದ್ರಿಸುತ್ತಿದ್ದರು.

ಇತ್ತ ಕನ್ನಡ ಸಿನಿಮಾ ಹಾಡುಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲೇ ಮುದ್ರಣವಾಗುತ್ತಿದ್ದವು. ಜಿ.ಕೆ. ವೆಂಕಟೇಶ್, ಟಿ.ಜಿ. ಲಿಂಗಪ್ಪ, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಮಟ್ಟು ಹಾಕುತ್ತಿದ್ದ ಕಾಲ. ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ ಅವರ ಧ್ವನಿ ಕನ್ನಡದ ಮನೆಗಳಲ್ಲಿ ನೆಲೆಯಾಗುತ್ತಿತ್ತು. 78 ಆರ್‌ಪಿಎಂ ಪ್ಲೇಟುಗಳು ಇನ್ನೂ ಚಾಲ್ತಿಯಲ್ಲಿದ್ದವು. ಎಚ್‌ಎಂವಿಯ ಪ್ಲೇಟುಗಳು ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ ಅಚ್ಚಾಗಿ ಬರುತ್ತಿದ್ದವು.

ಮದರಾಸಿನ ಪ್ಲೇಟಿಗೂ ಲಂಡನ್ನಿನ ಪ್ಲೇಟಿಗೂ ಆಗ ಸಂಬಂಧವೇ ಇರಲಿಲ್ಲ. ಇವತ್ತು ಎರಡೂ ಒಂದೇ ಯೂಟ್ಯೂಬಿನಲ್ಲಿ ಇವೆ. ಗೊಂದಲದ ಬೇರು ಇಲ್ಲೇ ಇದೆ.

ಒಂದು ಹಾಡು, ಮೂರು ಸರ್ವೆ ನಂಬರು

ಹಾಡು ನಮ್ಮ ಕಿವಿಗೆ ಒಂದೇ ವಸ್ತು. ಕಾನೂನಿನ ಕಣ್ಣಿಗೆ ಅದು ಬೇರೆ ಬೇರೆ ಸರ್ವೆ ನಂಬರಿನ ಮೂರು ತುಂಡು ಜಮೀನು. ಒಂದು ಸಾಹಿತ್ಯ. ಇನ್ನೊಂದು ಮಟ್ಟು, ಅಂದರೆ ಸಂಗೀತ ಸಂಯೋಜನೆ. ಮೂರನೆಯದು ಧ್ವನಿಮುದ್ರಣ, ಅಂದರೆ ಸ್ಟುಡಿಯೋದಲ್ಲಿ ಹಿಡಿದಿಟ್ಟ ಆ ನಿರ್ದಿಷ್ಟ ದನಿ. ಭಾರತದ 1957ರ ಕಾಪಿರೈಟ್ ಕಾಯ್ದೆ ಈ ಮೂರನ್ನೂ ಬೇರೆ ಬೇರೆಯಾಗಿ ನೋಡುತ್ತದೆ.

ಅವಧಿಯ ಲೆಕ್ಕವೂ ಬೇರೆ. ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ವರ್ಷದ ನಂತರ 60 ವರ್ಷ. ಸಿನಿಮಾಕ್ಕೂ ಅಷ್ಟೇ. ಆದರೆ ಸಾಹಿತ್ಯಕ್ಕೆ ಕವಿ ಬದುಕಿರುವವರೆಗೆ, ಆಮೇಲೆ 60 ವರ್ಷ. ಮಟ್ಟಿಗೆ ಸಂಗೀತ ನಿರ್ದೇಶಕರು ತೀರಿಕೊಂಡ ಮೇಲೆ 60 ವರ್ಷ. ಎರಡು ಗಡಿಯಾರಗಳು ಮನುಷ್ಯರ ಆಯುಷ್ಯದ ಜೊತೆ ಓಡುತ್ತವೆ. ಒಂದು ಮಾತ್ರ ಬಿಡುಗಡೆಯ ಇಸವಿಯ ಜೊತೆ ಓಡುತ್ತದೆ.

ಒಂದು ಉದಾಹರಣೆ ನೋಡೋಣ. 'ರತ್ನಮಂಜರಿ' 1962ರಲ್ಲಿ ತೆರೆಕಂಡ ಕನ್ನಡ ಚಿತ್ರ. ಸಂಗೀತ ರಾಜನ್-ನಾಗೇಂದ್ರ, ಸಾಹಿತ್ಯ ಹುಣಸೂರು ಕೃಷ್ಣಮೂರ್ತಿ. ಆ ವರ್ಷವೇ ಹೊರಬಂದ ಪ್ಲೇಟಿನ ಧ್ವನಿಮುದ್ರಣದ ಹಕ್ಕು 2022ರ ಡಿಸೆಂಬರ್ 31ಕ್ಕೆ ಮುಗಿಯಿತು. ಚಿತ್ರದ್ದೂ ಅಂದೇ ಮುಗಿಯಿತು. ಹುಣಸೂರು ತೀರಿಕೊಂಡದ್ದು 1989ರಲ್ಲಿ. ಹಾಗಾಗಿ ಸಾಹಿತ್ಯದ ಹಕ್ಕು 2049ರ ಕೊನೆಯವರೆಗೆ ಇರುತ್ತದೆ. ಮಟ್ಟು ಇಬ್ಬರದು. ಜಂಟಿ ಕೃತಿಯಾದರೆ ಕೊನೆಗೆ ತೀರಿಕೊಂಡವರ ವರ್ಷ ಲೆಕ್ಕಕ್ಕೆ ಬರುತ್ತದೆ. ನಾಗೇಂದ್ರ 2000ದಲ್ಲಿ ಹೋದರು, ರಾಜನ್ 2020ರಲ್ಲಿ. ಅಂದರೆ 2080ರವರೆಗೆ ಆ ಮಟ್ಟು ಬಂಧನದಲ್ಲಿ. ಒಂದೇ ಹಾಡಿನಲ್ಲಿ 2022, 2049, 2080 ಮೂರೂ ಇವೆ.

'1962ರ ಹಾಡು ಮುಕ್ತವಾಯಿತು' ಅನ್ನುವ ಸುದ್ದಿ ಹೇಳುತ್ತಿರುವುದು 2022ಕ್ಕೆ ಮುಗಿದ ಧ್ವನಿಮುದ್ರಣವನ್ನು ಮಾತ್ರ. ಆ ಪ್ಲೇಟಿನ ಧ್ವನಿಯನ್ನು ನಕಲು ಮಾಡಲು ರೆಕಾರ್ಡಿಂಗ್ ಹಕ್ಕುದಾರರ ಅನುಮತಿ ಈಗ ಬೇಕಿಲ್ಲ. ಒಳಗಿರುವ ಪದ ಮತ್ತು ಮಟ್ಟಿಗೆ ಮಾತ್ರ ಇನ್ನೂ ಬೇಕು. ಮನೆ ಬಿದ್ದುಹೋದರೂ ನಿವೇಶನಕ್ಕೆ ಒಡೆಯರು ಇದ್ದಾರಲ್ಲ, ಹಾಗೆ.

ಇನ್ನೊಂದು ತೊಡಕಿದೆ. ಗಡಿಯಾರ ಕವಿಯ ಆಯುಷ್ಯದ್ದಾದರೂ ಹಕ್ಕು ಕವಿಯದೇ ಆಗಿರಬೇಕೆಂದಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನಿರ್ಮಾಪಕರು ಹಣ ಕೊಟ್ಟು ಬರೆಸಿದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಿನಿಮಾ ಹಾಡಿನ ಮೊದಲ ಒಡೆಯರು ನಿರ್ಮಾಪಕರೇ ಎಂಬ ತೀರ್ಪು. ನಿರ್ಮಾಪಕರು ಅದನ್ನು ರೆಕಾರ್ಡ್ ಕಂಪನಿಗೆ ಬರೆದುಕೊಟ್ಟಿರುತ್ತಿದ್ದರು. ಆ ಕಾಗದ ಯಾರ ಪೆಟ್ಟಿಗೆಯಲ್ಲಿದೆ, ಅದರಲ್ಲಿ ಏನು ಬರೆದಿದೆ ಅನ್ನುವುದು ಹೊರಗಿನವರಿಗೆ ಕಾಣುವುದೇ ಇಲ್ಲ.

ಹಾಡಿದವರ ಪಾಲು

ಮೂರು ಸರ್ವೆ ನಂಬರು ಅಂದೆವು. ಅದರಲ್ಲಿ ಗಾಯಕರ ಹೆಸರು ಎಲ್ಲಿ? ಇಲ್ಲ. 1962ರ ಕಾನೂನಿನಲ್ಲಿ ಗಾಯಕರಿಗೆ ಹಕ್ಕು ಅನ್ನುವ ಮಾತೇ ಇರಲಿಲ್ಲ. ಸ್ಟುಡಿಯೋಗೆ ಬಂದು ಹಾಡಿ, ಅಂದಿನ ಸಂಭಾವನೆ ತೆಗೆದುಕೊಂಡು ಹೋದರೆ ವ್ಯವಹಾರ ಮುಗಿಯಿತು.

ಇದನ್ನು ಪ್ರಶ್ನಿಸಿದವರು ಇರಲಿಲ್ಲ ಅಂತಲ್ಲ. ಅರವತ್ತರ ದಶಕದ ಮೊದಲ ವರ್ಷಗಳಲ್ಲೇ ಲತಾ ಮಂಗೇಶ್ಕರ್ ಗಾಯಕರಿಗೂ ರಾಯಲ್ಟಿ ಬೇಕು ಎಂದು ಪಟ್ಟು ಹಿಡಿದರು. ಹಾಡಿ ಹಣ ಪಡೆದ ಮೇಲೆ ನಮಗೇನು ಹಕ್ಕು ಎಂಬುದು ಮೊಹಮ್ಮದ್ ರಫಿ ಅವರ ನಿಲುವು. ಈ ಜಗಳದಿಂದ ಇಬ್ಬರೂ ಕೆಲವು ವರ್ಷ ಜೊತೆಗೂಡಿ ಹಾಡಲೇ ಇಲ್ಲ. ಗಾಯಕರಿಗೆ ಕಾಯ್ದೆಯಲ್ಲಿ ಜಾಗ ಸಿಕ್ಕಿದ್ದು 1994ರ ತಿದ್ದುಪಡಿಯಲ್ಲಿ. ಮೊದಲು 25 ವರ್ಷ, ಆಮೇಲೆ 1999ರಲ್ಲಿ 50 ವರ್ಷ. 1962ರ ದನಿಗಳಿಗೆ ಅದು ತಡವಾಗಿ ಬಂತು. ಪಿ.ಬಿ.ಎಸ್ ಅವರ ದನಿ ಕೇಳಲೆಂದೇ ನಾವು ಆ ಹಾಡು ಹಾಕುತ್ತೇವೆ, ಅಲ್ವಾ? ಆ ದನಿಗೇ ಕಾನೂನಿನಲ್ಲಿ ಹಿಡಿಯಷ್ಟು ಜಾಗ ಇರಲಿಲ್ಲ ಅನ್ನುವುದು ಈ ಕಥೆಯ ಅತಿ ದೊಡ್ಡ ಅನ್ಯಾಯ.

ಕವಿ ಮತ್ತು ಸಂಗೀತ ನಿರ್ದೇಶಕರ ಸ್ಥಿತಿ ಸ್ವಲ್ಪ ಸುಧಾರಿಸಿದ್ದು 2012ರ ತಿದ್ದುಪಡಿಯಿಂದ. ಸಿನಿಮಾಗೆ ಬರೆದುಕೊಟ್ಟರೂ, ಚಿತ್ರಮಂದಿರದಾಚೆಗಿನ ಬಳಕೆಗೆ ಬರುವ ರಾಯಲ್ಟಿಯನ್ನು ಅವರು ಬಿಟ್ಟುಕೊಡುವಂತಿಲ್ಲ ಎಂದು ಕಾಯ್ದೆ ಹೇಳಿತು. ಅರವತ್ತರ ದಶಕದ ಒಪ್ಪಂದಗಳಿಗೆ ಇದು ಎಷ್ಟರ ಮಟ್ಟಿಗೆ ಅನ್ವಯ ಅನ್ನುವುದರಲ್ಲಿ ಕಂಪನಿಗಳಿಗೂ ವಾರಸುದಾರರಿಗೂ ಒಮ್ಮತ ಇಲ್ಲ.

ರವೀಂದ್ರನಾಥರಿಂದ ಹತ್ತು ವರ್ಷ ಹೆಚ್ಚು

60 ಅನ್ನುವ ಸಂಖ್ಯೆ ಎಲ್ಲಿಂದ ಬಂತು? ಮೂಲ ಕಾಯ್ದೆಯಲ್ಲಿ ಇದ್ದದ್ದು 50. ರವೀಂದ್ರನಾಥ ಟಾಗೋರ್ 1941ರಲ್ಲಿ ತೀರಿಕೊಂಡರು. ಅವರ ಕೃತಿಗಳ ಹಕ್ಕು 1991ರ ಡಿಸೆಂಬರ್ 31ಕ್ಕೆ ಮುಗಿಯಬೇಕಿತ್ತು. ಆ ಹಕ್ಕು ಶಾಂತಿನಿಕೇತನದ ವಿಶ್ವಭಾರತಿಯ ಬಳಿ ಇತ್ತು. ಗಡುವಿಗೆ ಕೆಲವೇ ದಿನ ಇರುವಾಗ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಅವಧಿಯನ್ನು 60ಕ್ಕೆ ಏರಿಸಿತು. 1992ರಲ್ಲಿ ಅದು ಕಾಯ್ದೆಯಾಯಿತು.

ಬದಲಾವಣೆ ಟಾಗೋರರೊಬ್ಬರಿಗೇ ನಿಲ್ಲಲಿಲ್ಲ. ಧ್ವನಿಮುದ್ರಣ, ಸಿನಿಮಾ ಎಲ್ಲಕ್ಕೂ ಹತ್ತು ವರ್ಷ ಸೇರಿತು. ಆ ಸುಗ್ರೀವಾಜ್ಞೆ ಬರದಿದ್ದರೆ 1962ರ ಕನ್ನಡ ಪ್ಲೇಟುಗಳು 2012ರ ಕೊನೆಗೇ ಮುಕ್ತವಾಗುತ್ತಿದ್ದವು. ಬಂಗಾಳದ ಒಬ್ಬ ಕವಿಯ ಪುಸ್ತಕಗಳಿಗಾಗಿ ಆದ ತೀರ್ಮಾನ ಮದರಾಸಿನಲ್ಲಿ ಮುದ್ರಣವಾದ ಕನ್ನಡ ಹಾಡು ಮುಕ್ತವಾಗುವುದನ್ನು ಹತ್ತು ವರ್ಷ ಮುಂದಕ್ಕೆ ತಳ್ಳಿತು. ಒಂದು ಪ್ರಸಿದ್ಧ ಹೆಸರಿನ ಗಡುವು ಹತ್ತಿರ ಬಂದಾಗ ಎಲ್ಲರ ಗಡುವೂ ಮುಂದಕ್ಕೆ ಹೋಗುವುದು ಬೇರೆ ದೇಶಗಳಲ್ಲೂ ನಡೆದಿದೆ.

ಯುರೋಪಿನ ಗೆರೆ, ಅಮೆರಿಕದ 2067

ಯುರೋಪಿನಲ್ಲಿ ಧ್ವನಿಮುದ್ರಣಕ್ಕೆ 50 ವರ್ಷ ಇತ್ತು. ಐವತ್ತರ ದಶಕದ ರಾಕ್ ಅಂಡ್ ರೋಲ್ ಹಾಡುಗಳು ಒಂದೊಂದಾಗಿ ಮುಕ್ತವಾಗತೊಡಗಿದಾಗ ಕಂಪನಿಗಳೂ ಕ್ಲಿಫ್ ರಿಚರ್ಡ್ ಥರದ ಹಿರಿಯ ಗಾಯಕರೂ ಅವಧಿ ಹೆಚ್ಚಿಸಿ ಎಂದು ಕೇಳಿದರು. ಬ್ರಿಟನ್ ಸರ್ಕಾರವೇ ಮಾಡಿಸಿದ 2006ರ ಗೋವರ್ಸ್ ವರದಿ ಬೇಡ ಎಂದಿತ್ತು. ಆದರೂ 2011ರಲ್ಲಿ ಯುರೋಪ್ ಒಕ್ಕೂಟ ಅವಧಿಯನ್ನು 70ಕ್ಕೆ ಏರಿಸಿತು. ಬ್ರಿಟನ್ನಿನಲ್ಲಿ ಇದು ಜಾರಿಯಾದದ್ದು 2013ರ ನವೆಂಬರ್ 1ಕ್ಕೆ.

ಅಷ್ಟರಲ್ಲಿ 1962ರವರೆಗಿನ ರೆಕಾರ್ಡುಗಳ 50 ವರ್ಷ ಮುಗಿದುಹೋಗಿತ್ತು. ಮುಗಿದದ್ದಕ್ಕೆ ಮತ್ತೆ ಜೀವ ಕೊಡಲಿಲ್ಲ. ಹಾಗಾಗಿ ಗೆರೆ ಬಿದ್ದದ್ದು 1962 ಮತ್ತು 1963ರ ನಡುವೆ. 'ಲವ್ ಮಿ ಡು' ಧ್ವನಿಮುದ್ರಣ ಯುರೋಪಿನಲ್ಲಿ ಮುಕ್ತ. ಮೂರು ತಿಂಗಳ ಆಮೇಲೆ, 1963ರ ಜನವರಿಯಲ್ಲಿ ಬಂದ ಅದೇ ತಂಡದ ಎರಡನೇ ಸಿಂಗಲ್ 2033ರ ಕೊನೆಯವರೆಗೆ ಮುಕ್ತವಲ್ಲ. ಅದನ್ನು ಹಾಡಿ ಮುದ್ರಿಸಿದ್ದು 1962ರ ನವೆಂಬರಿನಲ್ಲೇ. ಲೆಕ್ಕಕ್ಕೆ ಬರುವುದು ಪ್ರಕಟಣೆಯ ವರ್ಷ. ಕಾರಾಯಾನರ ಬೀಥೋವನ್ ಸಿಂಫನಿಗಳಿಗೂ ಆದದ್ದು ಇದೇ: ಬಹುಪಾಲು ಮುದ್ರಣ 1962ರಲ್ಲಿ, ಪೆಟ್ಟಿಗೆಯಾಗಿ ಮಾರಾಟಕ್ಕೆ ಬಂದದ್ದು 1963ರಲ್ಲಿ. ಬೆಂಜಮಿನ್ ಬ್ರಿಟನ್ ಅವರ 'ವಾರ್ ರಿಕ್ವಿಯಂ' ಕೂಡ ಹಾಗೆಯೇ. ಕಛೇರಿ 1962ರಲ್ಲಿ, ರೆಕಾರ್ಡ್ 1963ರಲ್ಲಿ.

ಹೊಸ ನಿಯಮದಲ್ಲಿ ಇನ್ನೊಂದು ಷರತ್ತು ಇತ್ತು. 50 ವರ್ಷದೊಳಗೆ ಪ್ರಕಟವಾಗದೆ ಉಳಿದ ಮುದ್ರಣಕ್ಕೆ ಈ ಹೆಚ್ಚುವರಿ ವರ್ಷಗಳು ಸಿಗುವುದಿಲ್ಲ. ಪರಿಣಾಮ ಕೂಡಲೇ ಕಾಣಿಸಿತು. 2012ರ ಕೊನೆಯಲ್ಲಿ ಡಿಲನ್ ಅವರ 1962ರ ಅಪ್ರಕಟಿತ ಮುದ್ರಣಗಳು ಸುಮಾರು ನೂರೇ ಪ್ರತಿಗಳಲ್ಲಿ ಯುರೋಪಿನ ಅಂಗಡಿಗೆ ಬಂದವು. ಹಕ್ಕು ಉಳಿಸಿಕೊಳ್ಳಲು ಅಷ್ಟು ಸಾಕಿತ್ತು. ಮರುವರ್ಷ ಬೀಟಲ್ಸ್ ತಂಡದ 1963ರ 59 ಮುದ್ರಣಗಳು ಆನ್‌ಲೈನಿನಲ್ಲಿ ದಿಢೀರನೆ ಕಾಣಿಸಿಕೊಂಡವು. ಬಳಸು, ಇಲ್ಲವೇ ಬಿಡು ಅನ್ನುವ ನಿಯಮ ಕಂಪನಿಗಳ ಕಪಾಟಿನಲ್ಲಿದ್ದ ಟೇಪುಗಳನ್ನು ಹೊರಗೆ ತಂದಿತು. ನಮ್ಮಲ್ಲಿ ಅಂಥ ನಿಯಮ ಇಲ್ಲ. ಇರಬೇಕಿತ್ತು.

ಅಮೆರಿಕದ ಕಥೆಯೇ ಬೇರೆ. 2018ರ ಕಾಯ್ದೆಯ ಪ್ರಕಾರ 1957ರಿಂದ 1972ರ ಫೆಬ್ರುವರಿ ಮಧ್ಯದವರೆಗಿನ ಎಲ್ಲ ಧ್ವನಿಮುದ್ರಣಗಳ ರಕ್ಷಣೆ ಒಟ್ಟಿಗೇ, 2067ರ ಫೆಬ್ರುವರಿ 15ಕ್ಕೆ ಮುಗಿಯುತ್ತದೆ. ಡಿಲನ್ ಅವರ ಮೊದಲ ಆಲ್ಬಂನ ಧ್ವನಿಮುದ್ರಣ ಲಂಡನ್ನಿನಲ್ಲಿ ಮುಕ್ತ, ಬೆಂಗಳೂರಿನಲ್ಲಿ ಮುಕ್ತ, ಅವರ ಸ್ವಂತ ದೇಶದಲ್ಲಿ ಮಾತ್ರ ಇಲ್ಲ.

ಯೂಟ್ಯೂಬ್ ಯಾಕೆ ಒಪ್ಪುವುದಿಲ್ಲ

ಈಗ ಮೊದಲಿನ ಕ್ಲೇಮಿಗೆ ಬರೋಣ. ಯೂಟ್ಯೂಬಿನ ಕಂಟೆಂಟ್ ಐಡಿ ಒಂದು ಯಂತ್ರ. ಕಂಪನಿಗಳು ಕೊಟ್ಟ ಧ್ವನಿಯ ಬೆರಳಚ್ಚನ್ನು ಅದು ಇಟ್ಟುಕೊಂಡಿರುತ್ತದೆ. ನೀವು ಏರಿಸಿದ್ದು ಅದಕ್ಕೆ ಹೊಂದಿದರೆ ಕ್ಲೇಮ್ ಹುಟ್ಟುತ್ತದೆ. ಹಾಡು ಯಾವ ಇಸವಿಯದು, ಕವಿ ಯಾವಾಗ ತೀರಿಕೊಂಡರು, ನೋಡುವವರು ಯಾವ ದೇಶದವರು ಎಂದೆಲ್ಲ ಅದು ತಾನಾಗಿ ಲೆಕ್ಕ ಹಾಕುವುದಿಲ್ಲ. ಕಂಪನಿ ಹೇಳಿದ್ದೇ ಅದಕ್ಕೆ ದಾಖಲೆ.

ಹಾಗಾಗಿ ಕ್ಲೇಮ್ ಬಂದರೆ ಮೊದಲು ನೋಡಬೇಕಾದ್ದು ಅದು ಯಾವ ತುಂಡಿನ ಮೇಲೆ ಬಂದಿದೆ ಅನ್ನುವುದನ್ನು. ಧ್ವನಿಮುದ್ರಣದ ಮೇಲೆ ಬಂದಿದ್ದರೆ, ಹಾಡು 1962ರದ್ದೇ ಆಗಿದ್ದರೆ, ಭಾರತದ ಮಟ್ಟಿಗೆ ಆ ಕ್ಲೇಮಿಗೆ ಬಲ ಇಲ್ಲ. ಆಕ್ಷೇಪ ಸಲ್ಲಿಸಬಹುದು, 30 ದಿನದೊಳಗೆ ಕಂಪನಿ ಉತ್ತರಿಸಬೇಕು. ಸಂಯೋಜನೆಯ ಮೇಲೆ ಬಂದಿದ್ದರೆ ಹುಷಾರು. ಸಿನಿಮಾ ಹಾಡಾದರೆ ಅದು ಸರಿಯಾಗಿರುವ ಸಾಧ್ಯತೆಯೇ ಜಾಸ್ತಿ. ಇಲ್ಲದ ಹಕ್ಕಿನ ಹೆಸರಲ್ಲಿ ಕೇಸು ಹಾಕುತ್ತೇವೆ ಎಂದು ಯಾರಾದರೂ ಬೆದರಿಸಿದರೆ, ಆ ಬೆದರಿಕೆಯ ವಿರುದ್ಧವೇ ಕೋರ್ಟಿಗೆ ಹೋಗಲು ನಮ್ಮ ಕಾಯ್ದೆಯ 60ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಈ ಸೆಕ್ಷನ್ ಇದೆ ಅಂತ ಗೊತ್ತಿರುವವರು ಕಡಿಮೆ.

'ನಾವು ಹಾಡನ್ನು ಶುಚಿಗೊಳಿಸಿ ಹೊಸದಾಗಿ ಬಿಟ್ಟಿದ್ದೇವೆ, ಆದ್ದರಿಂದ ಹೊಸ ಹಕ್ಕು' ಎಂಬ ವಾದವೂ ಕೇಳಿಬರುತ್ತದೆ. ಬರೀ ಗರಗರ ಸದ್ದು ತೆಗೆದು ಧ್ವನಿ ತಿಳಿಗೊಳಿಸಿದರೆ ಅದು ಹೊಸ ಕೃತಿಯಾಗುವುದಿಲ್ಲ ಎಂದು ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಹೇಳಿತು. ಅದು ಇಲ್ಲಿನ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ವಾದ ಸರಿಯಾಗಿದೆ. ಹಾಗಿದ್ದರೂ ಒಂದು ಎಚ್ಚರ ಬೇಕು. ಹೊಸ ವಾದ್ಯ ಸೇರಿಸಿದ ಆವೃತ್ತಿ ಬೇರೆ, ಹಳೇ ಪ್ಲೇಟು ಬೇರೆ. ಸುರಕ್ಷಿತ ದಾರಿ ಮೂಲ ಪ್ಲೇಟಿನಿಂದಲೇ ಧ್ವನಿ ತೆಗೆಯುವುದು.

ಮದುವೆ ಮನೆಯಲ್ಲಿ ಹಳೇ ಹಾಡು ಹಾಕಲು ಇದ್ಯಾವುದರ ಚಿಂತೆ ಬೇಡ. ಮದುವೆಯ ಮೆರವಣಿಗೆ ಮತ್ತು ಅದಕ್ಕೆ ಸೇರಿದ ಸಮಾರಂಭಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಪ್ರಕಟಣೆ ಹೊರಡಿಸಿ ಇದನ್ನು ಮತ್ತೊಮ್ಮೆ ನೆನಪಿಸಿತು.

ಶಾಸ್ತ್ರೀಯ ಸಂಗೀತಕ್ಕೆ ಬೇರೆ ಲೆಕ್ಕ

ಈ ಬದಲಾವಣೆಯ ನಿಜವಾದ ಲಾಭ ಸಿನಿಮಾ ಹಾಡಿಗಿಂತ ಶಾಸ್ತ್ರೀಯ ಸಂಗೀತಕ್ಕೆ. ಅದನ್ನು ಯಾರೂ ಅಷ್ಟಾಗಿ ಹೇಳುತ್ತಿಲ್ಲ.

ಪುರಂದರದಾಸರ ದೇವರನಾಮಕ್ಕೆ, ತ್ಯಾಗರಾಜರ ಕೃತಿಗೆ, ಬಸವಣ್ಣನವರ ವಚನಕ್ಕೆ ಕಾಪಿರೈಟ್ ಇಲ್ಲ. ಹಿಂದೂಸ್ತಾನಿಯ ಹಳೇ ಬಂದಿಶ್‌ಗಳಿಗೂ, ಅಂದರೆ ರಾಗದಲ್ಲಿ ಕಟ್ಟಿದ ರಚನೆಗಳಿಗೂ ಇಲ್ಲ. ಸಾಂಪ್ರದಾಯಿಕ ಧಾಟಿಯಲ್ಲಿ ಹಾಡಿದ ಅಂಥ ರೆಕಾರ್ಡಿಗೆ ಇದ್ದ ಬೀಗ ಒಂದೇ, ಧ್ವನಿಮುದ್ರಣದ್ದು. ಆ ಒಂದು ಬೀಗ ತೆರೆದರೆ ಮನೆಯೇ ತೆರೆದ ಹಾಗೆ. 1962ರಲ್ಲಿ ಪ್ರಕಟವಾದ ಒಂದು ಖಯಾಲ್ ಎಲ್‌ಪಿ ಅಥವಾ ದೇವರನಾಮದ ಪ್ಲೇಟು ಭಾರತದಲ್ಲಿ ಈಗ ಪೂರ್ತಿ ಮುಕ್ತ. ಸಂಗೀತ ಕಲಿಯುವ ಮಕ್ಕಳಿಗೆ, ಕಲಿಸುವ ಮೇಷ್ಟ್ರುಗಳಿಗೆ ಇದು ಚಿಕ್ಕ ವಿಷಯವಲ್ಲ.

ಇದರಲ್ಲಿ ನಷ್ಟ ಅನುಭವಿಸುವವರೂ ಇದ್ದಾರೆ. ಎಂ.ಎಸ್. ಸುಬ್ಬುಲಕ್ಷ್ಮಿ ಅವರ ವೆಂಕಟೇಶ್ವರ ಸುಪ್ರಭಾತ 1963ರಲ್ಲಿ ಎಚ್‌ಎಂವಿಯಿಂದ ಬಂತು. ಪಠ್ಯ ಹಲವು ಶತಮಾನ ಹಿಂದಿನದು. ಅದರ ರಾಯಲ್ಟಿ ತಿರುಪತಿಯ ವೇದಪಾಠಶಾಲೆಗೆ ಹೋಗಲೆಂದು ಅವರು ಬಿಟ್ಟುಕೊಟ್ಟಿದ್ದರು. ಭಾರತದಲ್ಲಿ ಆ ಮುದ್ರಣದ ಅವಧಿ 2023ರ ಕೊನೆಗೆ ಮುಗಿಯಿತು. ಕಾನೂನಿನ ಬಲದಿಂದ ಆ ಹಣ ಕೇಳುವ ಕಾಲವೂ ಅದರ ಜೊತೆ ಮುಗಿಯಿತು.

ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರು ಧಾರವಾಡ ಆಕಾಶವಾಣಿಯಲ್ಲಿ ಹಾಡಿದ ಹಾಡುಗಾರಿಕೆಯದು ಮೂರನೇ ಥರದ ಸಮಸ್ಯೆ. ಪ್ರಸಾರವಾಗಿ, ಪ್ಲೇಟಾಗಿ ಮಾರಾಟಕ್ಕೆ ಬರದ ಟೇಪಿನ ಗಡಿಯಾರ ಶುರುವಾಯಿತೇ? 1962ರಲ್ಲಿ ಇದ್ದ ಕಾಯ್ದೆಯ ಪ್ರಕಾರ ರೆಕಾರ್ಡಿನ ಪ್ರಕಟಣೆ ಅಂದರೆ ಪ್ರತಿಗಳನ್ನು ಹೊರಗೆ ಬಿಡುವುದು. ಪ್ರಸಾರವನ್ನೂ ಅದಕ್ಕೆ ಸೇರಿಸಿದ್ದು ಆಮೇಲಿನ ತಿದ್ದುಪಡಿ. ಈ ಜಾಗದಲ್ಲಿ ಎರಡೂ ಕಡೆ ವಾದ ಮಾಡಬಹುದು. ಆದರೆ ಸಾರ್ವಜನಿಕ ಹಣದಲ್ಲಿ ಆದ ಮುದ್ರಣಗಳನ್ನು ತೆರೆದಿಡಲು ಕೋರ್ಟಿನ ದಾರಿ ಕಾಯಬೇಕಿಲ್ಲ, ಸರ್ಕಾರ ಮನಸ್ಸು ಮಾಡಿದರೆ ಸಾಕು.

ಕಂಪನಿಗಳ ವಾದ, ಕೇಳುಗರ ವಾದ

ಹಕ್ಕು ಮುಗಿಯಬಾರದು ಅನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಹಳೇ ಟೇಪು ಕಾಪಾಡಲು ಖರ್ಚಿದೆ. ತಂಪು ಕೋಣೆ ಬೇಕು, ಕೆಲಸ ಗೊತ್ತಿರುವ ಜನ ಬೇಕು. ನಾಳೆ ಎಲ್ಲರೂ ನಕಲು ಮಾಡಬಹುದು ಅಂದರೆ ಇವತ್ತು ಯಾರು ಹಣ ಹಾಕುತ್ತಾರೆ ಎಂದು ಅವರು ಕೇಳುತ್ತಾರೆ.

ಈ ವಾದ ಜನಪ್ರಿಯ ಹಾಡಿಗೆ ಸರಿ. ಮಾರುವ ಹಾಡನ್ನು ಕಂಪನಿ ಖಂಡಿತ ಕಾಪಾಡುತ್ತದೆ. ಮಾರದ ಹಾಡಿನ ಗತಿ ಏನು? ಒಂದು ವಾರ ಓಡಿ ಹೋದ ಚಿತ್ರದ ಹಾಡು, ಸಣ್ಣ ಲೇಬಲ್ಲಿನ ರಂಗಗೀತೆ, ಒಂದೇ ಪ್ಲೇಟು ಮಾಡಿ ಮರೆಯಾದ ಗಾಯಕಿ. ಇವುಗಳಿಗೆ 60 ವರ್ಷ ಹಕ್ಕಿನ ರಕ್ಷಣೆ ಇತ್ತು. ಬಹಳಷ್ಟು ಅಂಗಡಿಗೆ ಮರಳಿ ಬರಲಿಲ್ಲ. ಅರಗಿನ ಪ್ಲೇಟು ಕೈ ಜಾರಿದರೆ ಚೂರಾಗುತ್ತದೆ. ಹಕ್ಕು ಮುಗಿಯುವ ಹೊತ್ತಿಗೆ ಪ್ರತಿಯೇ ಇಲ್ಲದಿದ್ದರೆ ಆ ಸ್ವಾತಂತ್ರ್ಯ ಯಾರಿಗೆ ಬೇಕು? ಅವಧಿ ಇನ್ನೂ ಹೆಚ್ಚಿಸುವುದರಿಂದ ಈ ಹಾಡುಗಳಿಗೆ ಹಾನಿಯೇ ಹೊರತು ಲಾಭ ಇಲ್ಲ.

ವಾರಸುದಾರರ ಮಾತಿಗೆ ಹೆಚ್ಚು ತೂಕ ಇದೆ. ಸಾಹಿತ್ಯ ಮತ್ತು ಮಟ್ಟಿನ ಹಕ್ಕು ಇನ್ನೂ ದಶಕಗಳ ಕಾಲ ಇದೆ. ಆ ಹಣ ಕವಿಯ ಮನೆಗೆ ತಲುಪಬೇಕು. ತಲುಪಬೇಕಾದರೆ ಯಾವ ಹಾಡಿನ ಯಾವ ತುಂಡು ಯಾರದು ಎಂಬ ಪಟ್ಟಿ ಎಲ್ಲರಿಗೂ ಕಾಣುವಂತಿರಬೇಕು. ಒಂದು ಎಕರೆ ಜಮೀನಿಗೆ ಪಹಣಿ ಇದೆ, ಮೊಬೈಲಿನಲ್ಲೇ ತೆಗೆಯಬಹುದು. ಕನ್ನಡದ ಒಂದು ಹಾಡಿಗೆ ಅಂಥದ್ದು ಇಲ್ಲ.

ಮುಂದಿನ ಜನವರಿಗಳು

1964ರ ಧ್ವನಿಮುದ್ರಣಗಳು 2024ರ ಕೊನೆಗೆ ಮುಕ್ತವಾದವು. ಅದರಲ್ಲಿ 'ನಾಂದಿ' ಚಿತ್ರದ ಕಾಲದ ಮುದ್ರಣಗಳೂ ಸೇರುತ್ತವೆ. ಅದರ ಸಾಹಿತ್ಯ ಬರೆದ ಆರ್.ಎನ್. ಜಯಗೋಪಾಲ್ 2008ರಲ್ಲಿ, ಮಟ್ಟು ಹಾಕಿದ ವಿಜಯಭಾಸ್ಕರ್ 2002ರಲ್ಲಿ ತೀರಿಕೊಂಡರು. ಆ ಎರಡು ಗಡಿಯಾರಗಳು 2068 ಮತ್ತು 2062ಕ್ಕೆ ನಿಲ್ಲುತ್ತವೆ. ಹೀಗೇ ವರ್ಷಕ್ಕೊಂದು ಹೆಜ್ಜೆ ಇಟ್ಟರೆ ಎಪ್ಪತ್ತರ ದಶಕದ ಕನ್ನಡ ಹಾಡುಗಳ ಸರದಿ 2030ರ ಹೊತ್ತಿಗೆ ಶುರುವಾಗುತ್ತದೆ. ಹಿಂದಿಯಲ್ಲೂ ತಮಿಳಿನಲ್ಲೂ ಚೆನ್ನಾಗಿ ಮಾರುವ ಹಾಡುಗಳ ಕಾಲ ಅದು. 1991ರಲ್ಲಿ ಇಲ್ಲಿ, 2011ರಲ್ಲಿ ಯುರೋಪಿನಲ್ಲಿ ಆದದ್ದನ್ನು ನೋಡಿದರೆ ಅವಧಿ ಏರಿಸಿ ಎಂಬ ಒತ್ತಡ ಆಗ ಬರುವ ಸಾಧ್ಯತೆ ಇದೆ. ಯುರೋಪಿನಲ್ಲಿ ಆದಂತೆಯೇ ಆದರೆ ಅಷ್ಟರೊಳಗೆ ಮುಕ್ತವಾದದ್ದು ಮುಕ್ತವಾಗಿಯೇ ಉಳಿಯುತ್ತದೆ.

ಅಲ್ಲಿಯವರೆಗೆ ಆಗಬೇಕಾದ ಕೆಲಸ ಒಂದಿದೆ. ಹಳೇ 78ರ ಪ್ಲೇಟಿನ ಲೇಬಲ್ ಮೇಲೆ ಸಾಮಾನ್ಯವಾಗಿ ಇಸವಿ ಇರುವುದಿಲ್ಲ. ಹಾಡಿನ ಸಾಲು, ಹಾಡಿದವರ ಹೆಸರು, ಚಿತ್ರದ ಹೆಸರು, ಒಂದು ನಂಬರು, ಅಷ್ಟೇ. ಆ ನಂಬರು ಯಾವ ವರ್ಷದ್ದು ಎಂದು ಹೇಳಬಲ್ಲವರು ಪ್ಲೇಟು ಕೂಡಿಟ್ಟುಕೊಂಡ ಕೆಲವು ಹಿರಿಯರು ಮತ್ತು ಕಂಪನಿಯ ಹಳೇ ಕ್ಯಾಟಲಾಗುಗಳು. 60 ವರ್ಷದ ಲೆಕ್ಕ ಶುರುವಾಗುವುದೇ ಆ ಇಸವಿಯಿಂದ. ಆ ಹಿರಿಯರನ್ನು ಕೂರಿಸಿ, ಕ್ಯಾಟಲಾಗುಗಳನ್ನು ಬಿಚ್ಚಿ, ಪ್ಲೇಟಿನ ನಂಬರಿನ ಎದುರು ಇಸವಿ ಬರೆದುಕೊಳ್ಳುವುದು ಈಗಲೇ ಆಗಬೇಕು.